ನೋಡಲು ಹೋದ ಮನೆಯ ನೀರು

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿಕೊಂಡು ಬರುವ ಪದ್ಧತಿ ಇದೆ. ಹೆಣ್ಣಿನ ಅಪ್ಪ, ಚಿಕ್ಕಪ್ಪ, ಸೋದರಮಾವ ಎಂದು ಐದಾರು ಗಂಡಸರು ಮಡಿಕೆ ಮುರಿಯದ ಪಂಚೆ ಉಟ್ಟು ಹೊರಡುತ್ತಾರೆ. ಹುಲ್ಲಿನ ಬಣವೆ ಎಷ್ಟೆತ್ತರ ಇದೆ, ಬಾವಿಯ ನೀರು ಎಷ್ಟಾಳದಲ್ಲಿದೆ, ಕೊಟ್ಟಿಗೆಯಲ್ಲಿ ಎಷ್ಟು ಬಾಲ ಅಲ್ಲಾಡುತ್ತಿವೆ, ಅಟ್ಟದ ಮೇಲೆ ಕೊಬ್ಬರಿಗೆಂದು ಬಿಟ್ಟ ಕಾಯಿ ಎಷ್ಟಿದೆ, ಎಲ್ಲವನ್ನೂ ನೋಡುತ್ತಾರೆ. ನೋಡದವರಂತೆ ನೋಡುತ್ತಾರೆ. ಬೀಡಿ ಹಚ್ಚುವ ನೆಪದಲ್ಲಿ ಪಕ್ಕದ ಮನೆಯವರನ್ನು ಮಾತಿಗೆಳೆದು ಹುಡುಗ ಕುಡಿಯುತ್ತಾನಾ, ಇಸ್ಪೀಟು ಆಡುತ್ತಾನಾ ಎಂದು ಕೇಳಿಕೊಳ್ಳುತ್ತಾರೆ. ಒಪ್ಪಿಗೆಯಾಗುವ ತನಕ ಆ ಮನೆಯಲ್ಲಿ ಒಂದು ಲೋಟ ನೀರನ್ನೂ ಮುಟ್ಟುವುದಿಲ್ಲ. ನೀರು ಕುಡಿದರೆ ಮಾತು ಆದಂತೆಯೇ. ಆಮೇಲೆ ಹಿಂದೆ ಸರಿದರೆ ನಾಲ್ಕು ಜನ ಉಗಿಯುತ್ತಾರೆ.

ತೊಂಬತ್ತೆರಡರಲ್ಲಿ ಗುಬ್ಬಿ ಹತ್ತಿರದ ನಮ್ಮೂರಿನಿಂದ ನನ್ನಪ್ಪನೂ ಹೀಗೇ ತುಮಕೂರಿನ ಮರಳೂರಿಗೆ ಬಂದು ನನ್ನ ಗಂಡನ ಮನೆ ನೋಡಿಕೊಂಡು ಹೋದರು. ಮನೆ ಭದ್ರವಾಗಿದೆ, ಬಾವಿ ಬತ್ತುವುದಿಲ್ಲ, ಹುಡುಗನಿಗೆ ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸ, ಅಣ್ಣತಮ್ಮಂದಿರು ಒಟ್ಟಿಗಿದ್ದಾರೆ. ಇನ್ನೇನು ಬೇಕು? ಅಡುಗೆಮನೆಯೊಳಕ್ಕೆ ಮಾತ್ರ ಒಬ್ಬರೂ ಇಣುಕಲಿಲ್ಲ. ಗಂಡಸರು ಕಂಡವರ ಅಡುಗೆಮನೆಗೆ ಹೋಗುವುದುಂಟೇ? ಹೆಂಗಸರನ್ನು ಮನೆ ನೋಡಲು ಕರೆದುಕೊಂಡು ಹೋಗುವ ಪದ್ಧತಿಯಂತೂ ಇರಲೇ ಇಲ್ಲ. ಮಗಳು ಜೀವ ತೇಯುವ ಜಾಗವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನೋಡಿ, ಖುಷಿಪಟ್ಟು, ನೀರು ಕುಡಿದು ಬಂದರು.

ಆ ಅಡುಗೆಮನೆಯಲ್ಲಿ ಅಕ್ಕ ಇದ್ದಳು. ಅಕ್ಕ ಎಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ. ಎದುರಿಗೆ ನೀವು ಎನ್ನುತ್ತೇನೆ. ಬರೆಯುವಾಗ ಅಷ್ಟು ಮರ್ಯಾದೆ ಕೈಯಿಂದ ಬರುತ್ತಿಲ್ಲ, ಬರುವುದೂ ಬೇಡ. ನಾನು ಸೇರು ಒದ್ದು ಒಳಗೆ ಬಂದ ಮಾರನೆಯ ದಿನವೇ ಆ ಮನೆಯ ಕಾನೂನು ತಿಳಿಯಿತು. ಹಿರಿಸೊಸೆ ಒಗ್ಗರಣೆ ಹಾಕಬೇಕು, ಕಿರಿಸೊಸೆ ಮುದ್ದೆ ತಿರುವಬೇಕು. ಅತ್ತೆ ಮಾಡಿದ್ದ ಕಾನೂನು. ಕೇಳಿದರೆ ಏನೂ ಇಲ್ಲ ಎನ್ನಿಸುತ್ತದೆ, ಅಲ್ಲವೇ? ಆದರೆ ಒಗ್ಗರಣೆ ಹಾಕುವವಳೇ ಉಪ್ಪು ಹಾಕುತ್ತಾಳೆ, ಉಪ್ಪು ಹಾಕುವವಳೇ ಇವತ್ತು ಸೊಪ್ಪೋ ಕಾಳೋ ಎಂದು ಹೇಳುತ್ತಾಳೆ, ಹೇಳುವವಳ ಕೈಯಲ್ಲೇ ಡಬ್ಬಗಳೆಲ್ಲ ಇರುತ್ತವೆ. ನಾನು ರುಬ್ಬಿದೆ, ತೊಳೆದೆ, ತಿರುವಿದೆ. ಹನ್ನೆರಡು ವರ್ಷ ಒಂದು ಸಾಸಿವೆ ಕಾಳನ್ನು ಎಣ್ಣೆಗೆ ಹಾಕಲಿಲ್ಲ. ಜಗಳವಾಡಿದೆವೇ ಎಂದರೆ, ಇಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಅಕ್ಕ ಜಗಳಕ್ಕೆ ಸಿಗುವವಳೇ ಅಲ್ಲ. "ಬುಡು, ನಿಂಗ್ ಗೊತ್ತಾಗಲ್ಲ" ಎಂದು ನಗುತ್ತಾ ಸೌಟು ಈಸಿಕೊಳ್ಳುತ್ತಿದ್ದಳು.

ಅಕ್ಕನಿಗೆ ಒಬ್ಬಳು ಮಗಳು. ನಮಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಊರೆಲ್ಲ ಮಾತಾಡಿ ಮುಗಿಸಿದೆ, ನಾನು ಸೇರಿಸುವಂಥದ್ದೇನೂ ಉಳಿದಿಲ್ಲ. ಎರಡು ಸಾವಿರದ ಎರಡರಲ್ಲಿ ಅತ್ತೆ ಲಕ್ವ ಹೊಡೆದು ಹಾಸಿಗೆ ಹಿಡಿದರು. ಭಾರದ ಮೈ. ಮಗ್ಗುಲು ಹೊರಳಿಸಬೇಕಾದರೂ ಇಬ್ಬರು ಬೇಕು. ಆ ಕಡೆ ಅಕ್ಕ, ಈ ಕಡೆ ನಾನು.

ಎರಡು ಸಾವಿರದ ನಾಲ್ಕರಲ್ಲಿ ನಮ್ಮೆಜಮಾನರಿಗೆ ಬಡ್ತಿ ಬಂತು. ತಗೊಂಡರೆ ಉಡುಪಿ ಕಡೆಯ ಒಂದು ಶಾಖೆಗೆ ಹೋಗಬೇಕು. ಅಲ್ಲಿದ್ದ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಹೇಳಿದರಂತೆ: ಸಮುದ್ರದ ಪಕ್ಕದಲ್ಲೇ ಹೊಸದಾಗಿ ಮನೆಗಳಾಗಿವೆ, ಸುತ್ತ ಎತ್ತರದ ಕಾಂಪೌಂಡು, ಒಂದೇ ಗೇಟು, ಗೇಟಿಗೆ ಕಾವಲು, ಒಳಗೆ ನಲವತ್ತು ಮನೆ, ಎಲ್ಲ ಒಂದೇ ಅಚ್ಚಿನವು. ಬಂದು ನೋಡಿ, ಇಷ್ಟವಾದರೆ ಕೊಳ್ಳಬಹುದು. ನಮ್ಮೆಜಮಾನರು ಅದನ್ನು ಹಿತ್ತಲಲ್ಲಿ ನನಗೆ ಹೇಳುವಾಗ ನಾನು ಪಾತ್ರೆ ಉಜ್ಜುತ್ತಿದ್ದೆ. ಸಮುದ್ರ ಎಂದದ್ದು ನನಗೆ ಕೇಳಿಸಲೇ ಇಲ್ಲ. ಕಾಂಪೌಂಡು, ಗೇಟು, ಕಾವಲು ಎಂದದ್ದು ಕೇಳಿಸಿತು.

"ಅಡಿಗೆಮನೆ ಹೆಂಗಿದ್ಯಂತೆ?" ಎಂದೆ.

"ಅದನ್ನ ಯಾರ್ ಕೇಳ್ತಾರೆ? ಹೋಗಿ ನೋಡ್ಕೊಂಡ್ ಬರೋಣ ಬುಡು, ನಾವಿಬ್ರೇ" ಎಂದರು.

ನಾವಿಬ್ಬರೇ! ಆ ಎರಡು ದಿನ ನಾನು ಏನೇನು ಲೆಕ್ಕ ಹಾಕಿದೆನೋ. ಕಿಟಕಿ ಕೆಳಗೆ ಒಲೆ ಇಡಬೇಕು. ರಾಗಿ ಹಿಟ್ಟಿನ ಡಬ್ಬ ಕೈಗೆ ಎಟುಕುವ ಹಾಗೆ ಕೆಳಗೆ. ಮೊದಲ ದಿನ ಹಿದಕವರೆ ಸಾರು ಮಾಡಿ ಇಂಗಿನ ಒಗ್ಗರಣೆ ಕೊಡಬೇಕು, ಸಾಸಿವೆ ಚಟಪಟ ಅನ್ನುವುದನ್ನು ಪೂರ್ತಿ ನಿಂತು ಕೇಳಬೇಕು. ನಗಬೇಡಿ. ನಲವತ್ತರ ಹತ್ತಿರ ಬಂದ ಹೆಂಗಸಿಗೆ ಇಷ್ಟು ಆಸೆ ಇರಬಾರದೇ?

ಮೂರನೆಯ ದಿನ ನಮ್ಮೆಜಮಾನರು ಅಣ್ಣನಿಗೆ ವಿಷಯ ಹೇಳಿಬಿಟ್ಟರು. ಹೇಳದೆ ಇರಲು ಅವರಿಂದ ಸಾಧ್ಯವೇ ಇಲ್ಲ. ಅಂಗಿ ಬಟ್ಟೆ ಆರಿಸಲೂ ಅಣ್ಣ ಬೇಕು. ಭಾವ ಎಲೆ ಅಡಿಕೆ ಮೆಲ್ಲುತ್ತಾ, "ಮನೆ ನೋಡಾಕೆ ಗಂಡ ಹೆಂಡ್ತಿ ಇಬ್ರೇ ಹೋಗೋದಾ? ಹಿರೀಕರು ಸತ್ತೋಗವ್ರಾ? ನಾನೂ ಬತ್ತೀನಿ" ಎಂದರು. ಮೂರು ಜನ ಹೋದರೆ ಕೆಲಸ ಕೆಡುತ್ತದೆ. ಅದಕ್ಕೆ ಅಕ್ಕ. ನಾಲ್ಕು ಜನ ಎಂದರೆ ಹೆಣ ಹೊರಲು ಹೋದಂತೆ. ಅದಕ್ಕೆ ಕುಣಿಗಲ್ಲಿನ ಸೋದರಮಾವ, ಇವರ ತಾಯಿಯ ತಮ್ಮ. ಮನೆ ನೋಡುವುದರಲ್ಲಿ ಅವರು ಎತ್ತಿದ ಕೈ. ಇಡೀ ತಾಲ್ಲೂಕಿನ ಹೆಣ್ಣಿನ ಕಡೆಯವರು ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಎಪ್ಪತ್ತರ ಮುದುಕ, ಮೂಗು ಮಾತ್ರ ಇಪ್ಪತ್ತರದು. ಕೊನೆಗೆ ಐದು ಜನರಾದೆವು. ಅತ್ತೆಯನ್ನು ನೋಡಿಕೊಳ್ಳಲು ನಾದಿನಿ ಬಂದಳು. ಇಬ್ಬರೇ ಬಸ್ಸಿನಲ್ಲಿ ಹೋಗಬೇಕಾದವರು ಶಿರಾ ಗೇಟಿನಲ್ಲಿ ಸುಮೋ ಗೊತ್ತು ಮಾಡಿಕೊಂಡು, ದಿಬ್ಬಣದ ಹಾಗೆ ಹೊರಟೆವು. ಬುತ್ತಿಗೆಂದು ನಾನೇ ಎರಡು ಗಂಟೆಗೆ ಎದ್ದು ಚಿತ್ರಾನ್ನಕ್ಕೆ ಅನ್ನ ಬಸಿದೆ. ಒಗ್ಗರಣೆ ಅಕ್ಕ ಹಾಕಿದಳು.

ಕುಣಿಗಲ್ಲಿನಲ್ಲಿ ಮಾವ ಕೆರೆ ಏರಿಯ ಹತ್ತಿರ ಕೊಡೆ ಹಿಡಿದು ನಿಂತಿದ್ದರು. ಸುಮೋ ಹತ್ತಿದವರೇ ಹಾಸನ ಬರುವವರೆಗೆ ತಾವು ನೋಡಿದ ಮನೆಗಳ ಕತೆ ಹೇಳಿದರು. ಎಲ್ಲೋ ಒಂದು ಕಡೆ ಪಕ್ಕದ ಮನೆಯ ದನಗಳನ್ನು ತಂದು ಕೊಟ್ಟಿಗೆಗೆ ಕಟ್ಟಿದ್ದರಂತೆ, ಹಸು ಕರೆದ ಹೆಸರಿಗೆ ತಿರುಗಲಿಲ್ಲವಂತೆ, ಅಷ್ಟರಿಂದಲೇ ಇವರು ಕಂಡುಹಿಡಿದು ಎದ್ದು ಬಂದರಂತೆ. ಭಾವ ಹೂಂಗುಟ್ಟುತ್ತಿದ್ದರು. ಅಕ್ಕ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಘಾಟಿಯ ತಿರುವುಗಳಲ್ಲಿ ನನಗೆ ವಾಂತಿ ಬಂದಾಗ ಬೆನ್ನು ಸವರಿ ನಿಂಬೆಹಣ್ಣು ಕೊಟ್ಟಳು. ಸುಳ್ಳು ಯಾಕೆ ಹೇಳಲಿ, ಆ ಹೊತ್ತು ಅವಳ ಮೇಲೆ ಪ್ರೀತಿಯೇ ಬಂತು.

ಮಧ್ಯಾಹ್ನ ಒಂದೂವರೆಗೆ ಗೇಟಿನ ಮುಂದೆ ಇಳಿದೆವು. ಕಬ್ಬಿಣದ ಗೇಟು, ಪಕ್ಕದಲ್ಲಿ ಗೂಡಿನಂಥ ಕೋಣೆ, ಅದರೊಳಗೆ ನೀಲಿ ಅಂಗಿಯ ಕಾವಲುಗಾರ. ಒಳಗೆ ಹೋಗುವವರೆಲ್ಲ ಪುಸ್ತಕದಲ್ಲಿ ಹೆಸರು, ಊರು, ಯಾರನ್ನು ನೋಡಬೇಕು, ಬಂದ ಹೊತ್ತು ಬರೆದು ರುಜು ಹಾಕಬೇಕೆಂದ.

"ನೆಂಟರ ಮನೆಗೆ ಹೋಗಾಕೂ ಹಿಂಗೇ ರುಜು ಹಾಕ್ಬೇಕೇನಪ್ಪಾ?" ಮಾವ ಕೇಳಿದರು.

"ಹೌದು, ಯಾರೇ ಆಗ್ಲಿ."

"ಅಲ್ಲಪ್ಪಾ, ಇಲ್ಲಿ ಯಾರಾನಾ ಸತ್ರೆ ಹೊರಾಕೆ ನಾಕು ಜನ ಸಿಗ್ತಾರಾ? ಅವ್ರೂ ರುಜು ಹಾಕೇ ಒಳಿಕ್ ಬರ್ಬೇಕಾ?"

ಆ ಕಾವಲುಗಾರ ಪೆನ್ನು ಮುಂದೆ ಹಿಡಿದ. ಮಾವ ರುಜು ಹಾಕಿದರು, ಸಾಲಪತ್ರಕ್ಕೆ ಹೆಬ್ಬೆಟ್ಟೊತ್ತುವವನ ಮುಖ ಮಾಡಿಕೊಂಡು. ನನಗಂತೂ ಆ ಪುಸ್ತಕ ನೋಡಿ ಎಷ್ಟು ಹಿತವಾಯಿತೆಂದರೆ, ನಾನು ನನ್ನ ಹೆಸರನ್ನು ದುಂಡಗೆ ಬರೆದೆ. ಯಾರೆಂದರೆ ಅವರು ನುಗ್ಗದ ಮನೆ! ಮರಳೂರಿನಲ್ಲಿ ನಮ್ಮ ಕೋಣೆಗೆ ಚಿಲಕ ಕೂಡ ಇರಲಿಲ್ಲ.

ಒಳಗೆ ನಲವತ್ತು ಮನೆ ನಿಜ. ತಿಳಿಹಳದಿ ಗೋಡೆ, ಕೆಂಪು ಹೆಂಚು, ಮುಂದೆ ಇಷ್ಟಗಲ ಹುಲ್ಲು. ಒಂದು ಹೆಂಗಸು ಹೊಸಿಲ ಮೇಲೆ ಕೂತು ಅಕ್ಕಿ ಆರಿಸುತ್ತಿರಲಿಲ್ಲ, ಒಂದು ಕೋಳಿ ಕೆದರುತ್ತಿರಲಿಲ್ಲ. ಸಮುದ್ರ ಕಾಣುತ್ತಿರಲಿಲ್ಲ, ಗೋಡೆಯಾಚೆ ಅದರ ಸದ್ದು ಮಾತ್ರ ಇತ್ತು. ಅಲ್ಲಿಗೆ ಹೋಗಲು ಬೇರೆ ಚಿಕ್ಕ ಗೇಟು, ಸಂಜೆ ಆರಕ್ಕೆ ಬೀಗವಂತೆ. ಗಾಳಿ ಅಂಟಂಟು. ಮೇಲ್ವಿಚಾರಕರೊಬ್ಬರು ಬಂದರು, ಆ ಕಡೆಯವರು, ಒಳ್ಳೆಯ ಮನುಷ್ಯ. "ದೂರದಿಂದ ಬಂದಿದ್ದೀರಿ, ಮೊದಲು ಎಳನೀರು ಕುಡಿಯಿರಿ ಮಾರಾಯ್ರೆ" ಎಂದರು.

"ಬ್ಯಾಡ ಸ್ವಾಮಿ. ಇನ್ನೂ ನೋಡಾದೈತೆ" ಎಂದರು ಮಾವ.

ಮೇಲ್ವಿಚಾರಕರು ಇದನ್ನು ಸಂಕೋಚ ಎಂದುಕೊಂಡು ಮತ್ತೊಮ್ಮೆ ಹೇಳಿದರು. ಬೇಸಿಗೆಯ ಮಧ್ಯಾಹ್ನ, ಎಲ್ಲರ ನಾಲಗೆ ಒಣಗಿತ್ತು. ನಾವು ಐದು ಜನ ತುಮಕೂರಿನವರು ಕೈ ಹಿಂದೆ ಕಟ್ಟಿ ನಿಂತೆವು.

ಮನೆಯ ಬಾಗಿಲು ತೆರೆದರು. ಗಂಡಸರು ಹಾಲಿನಲ್ಲಿ ನಿಂತು ಸೂರು ನೋಡಿದರು. ಮಾವ ಗೋಡೆಗೆ ಗೆಣ್ಣಿನಿಂದ ಕುಟ್ಟಿದರು, ಕಿಟಕಿ ಸರಳು ಅಲ್ಲಾಡಿಸಿದರು, ಹಿತ್ತಲಿಗೆ ಹೋಗಿ ಬಣವೆ ಹಾಕಲು ಜಾಗವಿಲ್ಲವೆಂದು ಬಂದರು. ಹುಲ್ಲು ಯಾರಿಗೆ ಬೇಕಿತ್ತು, ದನ ಎಲ್ಲಿತ್ತು, ಅದನ್ನು ಕೇಳುವ ಹಾಗಿಲ್ಲ. ನಾನು ನೇರ ಅಡುಗೆಮನೆಗೆ ಹೋದೆ. ನನ್ನಪ್ಪ ಮಾಡದ ಕೆಲಸವನ್ನು ನಾನೇ ಮಾಡಿಕೊಳ್ಳೋಣವೆಂದು.

ಹೇಗಿತ್ತು ಆ ಅಡುಗೆಮನೆ! ದೊಡ್ಡದೇನಲ್ಲ. ಇಬ್ಬರು ನಿಂತರೆ ಮೊಣಕೈ ತಗಲುವಷ್ಟೇ. ಒಬ್ಬಳಿಗೆಂದೇ ಮಾಡಿದ್ದು. ಪೂರ್ವಕ್ಕೆ ಕಿಟಕಿ, ಕಿಟಕಿಗೆ ಸರಿಯಾಗಿ ಕಪ್ಪು ಕಲ್ಲಿನ ಕಟ್ಟೆ, ಗೋಡೆಯಲ್ಲಿ ಗೂಡುಗಳು, ಮೂಲೆಯಲ್ಲಿ ತೊಟ್ಟಿ, ಮೇಲೆ ಹೊಳೆಯುವ ನಲ್ಲಿ. ನಾನು ಕಟ್ಟೆಯ ಮೇಲೆ ಕೈ ಇಟ್ಟೆ, ತಣ್ಣಗಿತ್ತು. ಇನ್ನೂ ಯಾರ ಎಣ್ಣೆಯೂ ಅಂಟಿರಲಿಲ್ಲ. ನಲ್ಲಿ ತಿರುಗಿಸಿದೆ, ನೀರು ಬಂತು. ಬೊಗಸೆ ಒಡ್ಡಿ ಕುಡಿದೆ. ಮತ್ತೊಂದು ಬೊಗಸೆ. ಇನ್ನೊಂದು. ಸಿಹಿ ನೀರು, ನಮ್ಮ ತೋಟದ ಬಾವಿಯ ನೀರಿನಷ್ಟು ಸಿಹಿ. ಪದ್ಧತಿ ಗೊತ್ತಿಲ್ಲದೆ ಕುಡಿಯಲಿಲ್ಲ, ಗೊತ್ತಿದ್ದೇ ಕುಡಿದೆ. ಮನಸ್ಸಿನಲ್ಲೇ ಮಾತು ಕೊಟ್ಟುಬಿಟ್ಟೆ. ಆ ಮನೆಗೆ ನಾನು ಒಪ್ಪಿದ್ದೆ.

ಬಾಯಿ ಒರೆಸಿಕೊಂಡು ತಿರುಗಿದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ. ಒಳಗೆ ಬಂದು ಒಂದೊಂದೇ ಗೂಡಿಗೆ ಕೈ ಹಾಕಿ ನೋಡಿದಳು. "ರಾಗಿ ಡಬ್ಬ ಇಲ್ಲಿ ಇಡಾನ. ಕಾಳುಗಳು ಮ್ಯಾಲೆ. ಕೊಬ್ಬರಿ ಈ ಗೂಡಲ್ಲಿಟ್ರೆ ಗಾಳಿ ಆಡ್ತದೆ. ನೀನು ಇಲ್ಲಿ ನೆಲದ ಮ್ಯಾಲೆ ಕೂತು ಮುದ್ದೆ ತಿರುವ್ಬೋದು, ನಾನ್ ಒಲೆ ಕಡೀಕ್ ಇರ್ತೀನಿ" ಎಂದಳು.

"ಯಾರಕ್ಕ? ನೀವಾ?" ಎಂದೆ.

ಅವಳು ಹಾಲಿಗೆ ಹೋದಳು. ನಾನೂ ಹಿಂದೆಯೇ ಹೋದೆ.

ಅಲ್ಲಿ ಮೇಲ್ವಿಚಾರಕರು ಕಾಗದ ಹಿಡಿದು ಕಾಂಪೌಂಡಿನ ಕಟ್ಟಳೆಗಳನ್ನು ಓದುತ್ತಿದ್ದರು. ಮುಂದುಗಡೆ ಬಟ್ಟೆ ಒಣಹಾಕುವಂತಿಲ್ಲ. ರಸ್ತೆಯ ಮೇಲೆ ಹಪ್ಪಳ, ಮೆಣಸಿನಕಾಯಿ, ಧಾನ್ಯ ಹರಡುವಂತಿಲ್ಲ. ಗೋಡೆಯ ಬಣ್ಣ ಬದಲಿಸುವಂತಿಲ್ಲ. ನೆಂಟರು ಒಂದು ವಾರಕ್ಕಿಂತ ಹೆಚ್ಚು ಉಳಿಯುವುದಾದರೆ ಕಚೇರಿಗೆ ಬರೆದು ತಿಳಿಸಬೇಕು. ಅಯ್ಯೋ ದೇವರೇ, ಆ ಕೊನೆಯ ಕಟ್ಟಳೆ ಕೇಳಿ ನನಗೆ ಹೋದ ಜೀವ ಬಂದಂತಾಯಿತು. ನೆಂಟರು ಬರಲಿ, ವಾರ ಇರಲಿ, ಹೋಗಲಿ! ಸರ್ಕಾರದ ಕಾನೂನಿಗಿಂತ ಒಳ್ಳೆಯ ಕಾನೂನು ಎಂದುಕೊಂಡೆ.

ಆಗ ಅಕ್ಕ ಭಾವನ ಪಕ್ಕಕ್ಕೆ ಸರಿದು ಕಿವಿಯಲ್ಲಿ ಏನೋ ಹೇಳಿದಳು. ಭಾವ ತಲೆಯಾಡಿಸಿ, ಗಂಟಲು ಸರಿಪಡಿಸಿಕೊಂಡರು.

"ನಾವು ನೆಂಟರಲ್ಲ ಸ್ವಾಮಿ, ಮನೆಯೋರೇ. ಒಂದೇ ಒಲೆ ನಮ್ದು. ತುಮಕೂರು ಮನೆ ಬಾಡಿಗೆಗೆ ಕೊಟ್ಬುಟ್ಟು ಎಲ್ರೂ ಇಲ್ಗೇ ಬಂದ್ಬುಡ್ತೀವಿ. ಅಮ್ಮುಂಗೂ ಸಮುದ್ರದ್ ಗಾಳಿ ಒಳ್ಳೇದು. ಏನ್ಲಾ?" ಎಂದು ತಮ್ಮನ ಕಡೆ ತಿರುಗಿದರು.

ನಾನು ನಮ್ಮೆಜಮಾನರನ್ನು ನೋಡಿದೆ. ಕಣ್ಣಿನಲ್ಲೇ ಬೇಡಿಕೊಂಡೆ. ಒಂದು ಸಲ, ಒಂದೇ ಒಂದು ಸಲ ಬಾಯಿ ಬಿಡಿ ಎಂದು. ಅವರು ನೆಲದ ಹೊಳಪು ನೋಡುತ್ತಾ, "ನೀನ್ ಹೆಂಗ್ ಹೇಳ್ತೀಯೋ ಹಂಗೇ ಅಣ್ಣ" ಎಂದರು.

ಅಷ್ಟೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೆ. ಅದೇ ಒಲೆ, ಅದೇ ಸೌಟು, ಅದೇ "ಬುಡು, ನಿಂಗ್ ಗೊತ್ತಾಗಲ್ಲ." ಮರಳೂರಿನಲ್ಲಾದರೆ ಹಿತ್ತಲಾದರೂ ಇತ್ತು, ಬೇಸರವಾದರೆ ಬಸ್ಸು ಹತ್ತಿ ಗುಬ್ಬಿಗೆ ಹೋಗಿ ಸಂಜೆಗೆ ಬರಬಹುದಿತ್ತು. ಇಲ್ಲಿ ಸಮುದ್ರದ ಕಡೆಯ ಗೇಟಿಗೂ ಸಂಜೆ ಆರಕ್ಕೆ ಬೀಗ. ಇಬ್ಬರ ಮೊಣಕೈ ತಗಲುವ ಅಡುಗೆಮನೆಯಲ್ಲಿ ನಾನು ನೆಲದ ಮೇಲೆ. ನನಗೆ ಸಿಗದಿದ್ದರೆ ಯಾರಿಗೂ ಬೇಡ ಎನ್ನಿಸಿತು.

"ನೀರು ಉಪ್ಪು" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಮಾವನ ಹುಬ್ಬು ಮೇಲೇರಿತು. "ಕುಡುದ್ಯಾ? ನೋಡಾಕ್ ಬಂದ್ ಮನೇಲಿ?"

"ಇಲ್ಲ ಮಾವ. ಬಾಯಿಗ್ ಹಾಕ್ಕೊಂಡು ಉಗುದ್ಬುಟ್ಟೆ. ಉಪ್ಪು ಅಂದ್ರೆ ಉಪ್ಪು. ಬ್ಯಾಳೆ ಬೇಯಲ್ಲ ಇದ್ರಲ್ಲಿ."

ಮೇಲ್ವಿಚಾರಕರ ಮುಖ ಕೆಂಪಾಯಿತು. "ಉಪ್ಪು ಎಲ್ಲುಂಟು ಮಾರಾಯ್ರೆ? ನಾವು ದಿನಾ ಕುಡಿಯುವ ನೀರು. ನೀವೇ ನೋಡಿ" ಎಂದು ಹೋಗಿ ಒಂದು ಸ್ಟೀಲ್ ಲೋಟದ ತುಂಬ ಹಿಡಿದು ತಂದರು. ಮಾವನ ಮುಂದೆ ಹಿಡಿದರು. ಮಾವ ಒಂದು ಹೆಜ್ಜೆ ಹಿಂದೆ ಸರಿದರು. ಭಾವನ ಮುಂದೆ ಹಿಡಿದರು. ಭಾವ ಮಾವನನ್ನು ನೋಡಿ ಕೈ ಅಲ್ಲಾಡಿಸಿದರು. ಅಕ್ಕನ ಮುಂದೆ ಹಿಡಿದರು. ಅಕ್ಕ ಸೆರಗು ಸರಿಮಾಡಿಕೊಂಡು ಗೋಡೆ ಕಡೆ ತಿರುಗಿದಳು. ಪಾಪ, ಆ ಮನುಷ್ಯನಿಗೆ ಇದೆಲ್ಲ ಹೇಗೆ ಅರ್ಥವಾಗಬೇಕು? ನೀರಿಗೆ ವಿಷ ಹಾಕಿದ್ದಾನೆ ಎನ್ನುವ ಹಾಗೆ ನಾವು ನಿಂತಿದ್ದೆವು.

ಕೊನೆಗೆ ಲೋಟ ನಮ್ಮೆಜಮಾನರ ಮುಂದೆ ಬಂತು. ಅವರ ಕೈ ಮೇಲೆ ಬಂತು ಕೂಡ. ಕುಡಿಯಲಿ ಎಂದು ನನ್ನ ಒಂದು ಮನಸ್ಸು, ಬೇಡ ಎಂದು ಇನ್ನೊಂದು. ಕುಡಿದಿದ್ದರೆ ನನ್ನ ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ಯಾಕೆ ಸುಳ್ಳು ಹೇಳಿದೆ ಎಂದು ಅವರು ಕೇಳುತ್ತಿದ್ದರು. ಕೇಳಿದ್ದರೆ, ಅಷ್ಟು ಜನರ ಎದುರಿಗೆ, ಹನ್ನೆರಡು ವರ್ಷದ್ದನ್ನೆಲ್ಲ ಕಕ್ಕಿಬಿಡುತ್ತಿದ್ದೆ. ಒಂದು ಗುಟುಕು ಸಾಕಿತ್ತು. ಅವರು ಮಾವನ ಮುಖ ನೋಡಿದರು, ಅಣ್ಣನ ಮುಖ ನೋಡಿದರು, ಕೈ ಇಳಿಸಿದರು. ಆ ಕೈ ಇಳಿದದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ.

"ನೀರ್ ಸರಿ ಇಲ್ಲದ್ ಮನೆಗೆ ಹೆಣ್ಣೂ ಕೊಡಬಾರ್ದು, ಹೆಣ್ಣೂ ತರಬಾರ್ದು. ನಡೀರ್ಲಾ" ಎಂದು ಮಾವ ಕೊಡೆ ಎತ್ತಿಕೊಂಡರು.

ಸಮುದ್ರ ನೋಡಿಕೊಂಡಾದರೂ ಹೋಗೋಣ ಎಂದು ಭಾವ ಅಂದರು. ಚಿಕ್ಕ ಗೇಟಿನಿಂದ ಹೋಗಿ ನೋಡಿದೆವು. ಎಲ್ಲರೂ ಕಾಲು ತೋಯಿಸಿಕೊಂಡರು, ಮಾವ ಪಂಚೆ ಎತ್ತಿ ಕಟ್ಟಿ ನಗಾಡಿದರು. ನಾನು ಚಪ್ಪಲಿ ಕಾಯುತ್ತೇನೆಂದು ಮೇಲೆಯೇ ನಿಂತೆ. ಮೊದಲ ಸಲ ಸಮುದ್ರ ನೋಡಿದ್ದು, ಏನೂ ಅನ್ನಿಸಲಿಲ್ಲ. ನೀರು, ಅಷ್ಟೇ.

ನಮ್ಮೆಜಮಾನರು ಬಡ್ತಿ ಬೇಡವೆಂದು ಬರೆದುಕೊಟ್ಟರು. ಗುಮಾಸ್ತರಾಗಿಯೇ ಉಳಿದರು. ಅವರಿಗಿಂತ ಚಿಕ್ಕವರು ಮೇಲಧಿಕಾರಿಗಳಾಗಿ ಬಂದು ಕೂತಾಗಲೆಲ್ಲ ಮನೆಗೆ ಬಂದು ನನ್ನ ಮೇಲೆ ಹರಿಹಾಯುತ್ತಿದ್ದರು: "ನಿಂಗೆ ನೀರು ಸರಿಹೋಗ್ಲಿಲ್ಲ ಅಂತ ತಾನೆ ಬುಟ್ಟಿದ್ದು? ಉಣ್ಣು ಈಗ." ನಾನು ತಿರುಗಿ ಅಂದಿದ್ದೂ ಉಂಟು, ಅನ್ನದೆ ಬಿಟ್ಟಿದ್ದೂ ಉಂಟು. ನೀರಿನ ನಿಜ ಮಾತ್ರ ಹೇಳಲಿಲ್ಲ. ಹೇಳಿದರೆ ಆ ಸುಳ್ಳೊಂದೇ ಅವರ ಕೈಗೆ ಸಿಗುತ್ತಿತ್ತು, ಅದರ ಹಿಂದಿನದು ಯಾವುದೂ ತಲೆಗೆ ಹೋಗುತ್ತಿರಲಿಲ್ಲ. ಅತ್ತೆ ಇನ್ನೂ ಮೂರು ವರ್ಷ ಬದುಕಿದ್ದರು. ನಾವಿಬ್ಬರೂ ಎತ್ತಿದೆವು, ಹೊರಳಿಸಿದೆವು, ತೊಳೆದೆವು. ಕೊನೆಗೆ ಮಣ್ಣಿಗೂ ಕಳಿಸಿದೆವು.

ಎರಡು ಸಾವಿರದ ಒಂಬತ್ತರಲ್ಲಿ ಅಕ್ಕನ ಮಗಳಿಗೆ ಗಂಡು ಗೊತ್ತಾಯಿತು. ಎರಡು ಕಡೆಯವರೂ ಒಪ್ಪಿ, ವೀಳ್ಯ ಬದಲಾಯಿಸಿಕೊಂಡು, ಗಂಡಿನ ಕಡೆಯವರು ನಮ್ಮ ಹಾಲಿನಲ್ಲಿ ಸಾಲಾಗಿ ಊಟಕ್ಕೆ ಕೂತರು. ಅವರಲ್ಲೊಬ್ಬರು ಹಿರಿಯರು, "ಈ ಕಾಲದಾಗೂ ಅಣ್ತಮ್ಮಂದ್ರು ಒಂದೇ ಒಲೆ ಅಂದ್ರೆ ದೊಡ್ ಮಾತು ಕಣ್ರೀ" ಎಂದು ಮೆಚ್ಚಿದರು.

ನಮ್ಮೆಜಮಾನರು ಉಬ್ಬಿಹೋದರು. "ನಾನು ಸಮುದ್ರದ್ ಕಡೀಕೆ ಹೋಗೋನಿದ್ದೆ. ಮನೆ ನೋಡಿದ್ದೂ ಆಗಿತ್ತು. ನಮ್ಮನೆಯೋಳೇ ನೆಪ ಹೇಳಿ ತಪ್ಪಿಸಿದ್ಲು. ಅಕ್ಕನ್ ಬುಟ್ಟು ಇರಕಾಗಲ್ಲ ಇವ್ಳಿಗೆ" ಎಂದರು.

ನಾನು ಮುದ್ದೆಯ ಪಾತ್ರೆ ಹಿಡಿದು ನಿಂತಿದ್ದೆ. ಅಷ್ಟು ಜನ ಗಂಡಸರು ತಲೆ ಎತ್ತಿ ನನ್ನನ್ನು ದೇವರ ಪಟ ನೋಡುವ ಹಾಗೆ ನೋಡಿದರು. ಮೈ ಉರಿದುಹೋಯಿತು. "ಇಲ್ಲ" ಎಂದೆ, ಎಲ್ಲರಿಗೂ ಕೇಳಿಸುವ ಹಾಗೆ. "ನಂಗೆ ಹೋಗಾಕೇ ಇಷ್ಟ ಇತ್ತು. ಇವ್ರನ್ನೆಲ್ಲಾ ಬುಟ್ಟು ಹೋಗಾಕೇ ಇಷ್ಟ ಇತ್ತು. ಅಲ್ಲಿ ನೀರು ಸಕ್ರೆ ಇದ್ದಂಗಿತ್ತು."

ಎಲ್ಲರೂ ಸೂರು ಹಾರಿಹೋಗುವ ಹಾಗೆ ನಕ್ಕರು. ನಮ್ಮೆಜಮಾನರು ನಕ್ಕು ನಕ್ಕು ಕೆಮ್ಮಿದರು. "ಬಾಯಿ ಜೋರು, ಮನಸು ಬೆಣ್ಣೆ" ಎಂದು ಭಾವ ಬೀಗರಿಗೆ ವಿವರಿಸಿದರು. ಹದಿನೇಳು ವರ್ಷಕ್ಕೆ ಒಮ್ಮೆ ನಿಜ ಹೇಳಿದರೆ ಅದು ತಮಾಷೆಯಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಮಾತ್ರ ನಗಲಿಲ್ಲ.

ಒಳಗೆ ಹೋದೆ. ಅವಳು ಸಾರಿನ ಪಾತ್ರೆಯ ಮುಂದೆ ನಿಂತಿದ್ದಳು. "ಸಿಹಿ ಅಂತ ನಂಗೊತ್ತು. ಮೂರ್ ಬೊಗಸೆ ಕುಡುದ್ಯಲ್ಲ ನೀನು, ಬಾಗ್ಲಲ್ಲಿ ನಿಂತಿದ್ದೆ" ಎಂದಳು.

"ಮತ್ಯಾಕಕ್ಕ ಅವತ್ತು ಸುಮ್ನಿದ್ರಿ?"

"ಎಲ್ರೂ ಬತ್ತೀವಿ ಅಂತ ನಿಮ್ ಭಾವುಂಗೆ ಹೇಳ್ಕೊಟ್ಟೋಳೇ ನಾನು. ನಾ ಬತ್ತೀನಿ ಅಂದ್ರೆ ನೀನು ಬ್ಯಾಡ ಅಂತೀಯ ಅಂತ ಗೊತ್ತಿತ್ತು. ನಂಗೇನ್ ಆ ಉಪ್ ಗಾಳಿ ಬೇಕಾಗಿತ್ತಾ? ನಾನ್ ಎಲ್ಗೂ ಬತ್ತಿರ್ಲಿಲ್ಲ."

ಕೈಯಲ್ಲಿದ್ದ ಮುದ್ದೆಯ ಪಾತ್ರೆ ಕೆಳಗಿಟ್ಟೆ. ಸಿಟ್ಟೋ, ಅಳುವೋ. "ಬರಲ್ಲ ಅಂತ ಒಂದ್ ಮಾತು ಅಂದಿದ್ರೆ ನಾವಿಬ್ರು ಹೋಗ್ತಿದ್ವಲ್ಲಕ್ಕ. ನನ್ ಬಾಳು ನಂಗಾಗ್ತಿತ್ತಲ್ಲ" ಎಂದೆ.

"ಹೂಂ. ಅದ್ಕೇ ಅನ್ಲಿಲ್ಲ." ಅವಳು ತಿರುಗಿ ನನ್ನನ್ನೇ ನೋಡಿದಳು. ಹದಿನೇಳು ವರ್ಷದಲ್ಲಿ ಆ ಮುಖದಲ್ಲಿ ನಗುವಿಲ್ಲದ್ದನ್ನು ನಾನು ನೋಡಿರಲಿಲ್ಲ. "ಅತ್ತೆ ಬಿದ್ದಿದ್ರು ಅವಾಗ. ಒಲೆ ಎಲ್ಲಿಡ್ಲಿ, ಡಬ್ಬ ಎಲ್ಲಿಡ್ಲಿ ಅಂತ ನೀನು ಎಷ್ಟ್ ಯೋಚ್ನೆ ಮಾಡಿದ್ಯೋ ಏನೋ. ನೀನ್ ಹೋದ್ ಮ್ಯಾಲೆ ಆ ಕಡೆ ಮಗ್ಗುಲಲ್ಲಿ ಯಾರ್ ಹಿಡ್ಕಂತಾರೆ ಅಂತ ಒಂದಿನಾನಾದ್ರೂ ಕೇಳುದ್ಯೇನೇ ನನ್ನ?"

ಕೇಳಿರಲಿಲ್ಲ. ಸು‌ಮೋದಲ್ಲಿ ಎಂಟು ಗಂಟೆ ಅವಳ ಪಕ್ಕದಲ್ಲೇ ಕೂತಿದ್ದೆ. ಕೇಳಬೇಕು ಎನ್ನುವುದೂ ಹೊಳೆದಿರಲಿಲ್ಲ.

ಹಾಲಿನಿಂದ ಯಾರೋ ಸಾರು ಎಂದು ಕೂಗಿದರು. "ತಗೊಂಡ್ ಹೋಗು, ಕಾಯ್ತವ್ರೆ" ಎಂದಳು ಅಕ್ಕ. ಪಾತ್ರೆ ಭಾರವಿತ್ತು. ಒಂದು ಕಡೆ ಅವಳು ಹಿಡಿದಳು, ಇನ್ನೊಂದು ಕಡೆ ನಾನು.